ಕಣ್ಣಿನ ಪ್ರತಿವರ್ತನೆಗಳ ಮೂಲಕ ಮೆದುಳುಕಾಂಡವನ್ನು ಪರೀಕ್ಷಿಸುವ ಕ್ರಮ

ಪ್ರಜ್ಞೆ ತಪ್ಪಿ ಮಲಗಿರುವ ರೋಗಿಯ ಮೆದುಳುಕಾಂಡ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೇಕಾಗುವ ಸಾಮಗ್ರಿ ಬಹಳ ಕಡಿಮೆ. ತೀಕ್ಷ್ಣ ಬೆಳಕಿನ ಒಂದು ಸಣ್ಣ ಟಾರ್ಚ್, ಒಂದು ಎಳೆ ಹತ್ತಿ, ಸ್ವಲ್ಪ ಮಂಜಿನ ನೀರು ಮತ್ತು ಒಬ್ಬ ಸಹಾಯಕರಿದ್ದರೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಈ ಪರೀಕ್ಷೆಯನ್ನು ಮಾಡಬಹುದು. ಕೆಲವೇ ಸೆಂಟಿಮೀಟರ್ ಉದ್ದದ ಈ ಕಾಂಡದಲ್ಲಿ ಮೇಲಿನಿಂದ ಕೆಳಕ್ಕೆ ಮಧ್ಯ ಮೆದುಳು, ಪಾನ್ಸ್ ಮತ್ತು ಮೆಡುಲ್ಲಾ ಎಂಬ ಮೂರು ಭಾಗಗಳಿವೆ. ಕಣ್ಣನ್ನು ಚಲಿಸುವ ಮೂರು ನರಗಳ ಕೇಂದ್ರಗಳು, ಮುಖದ ಸ್ಪರ್ಶ ಮತ್ತು ಚಲನೆಯ ಕೇಂದ್ರಗಳು, ಒಳಗಿವಿಯ ಸಮತೋಲನದ ಕೇಂದ್ರಗಳು ಹಾಗೂ ಎಚ್ಚರವನ್ನೂ ಉಸಿರಾಟವನ್ನೂ ಕಾಯುವ ಜಾಲಗಳು ಇಲ್ಲಿ ಒಂದಕ್ಕೊಂದು ತಾಗಿಕೊಂಡಂತೆ ಇರುವುದರಿಂದ, ಕಣ್ಣಿನ ಚಲನೆ ಸರಿಯಿದೆ ಎಂದು ಕಂಡರೆ ಅದರ ನೆರೆಯಲ್ಲಿರುವ ಎಚ್ಚರದ ಜಾಲವೂ ಬಹುಮಟ್ಟಿಗೆ ಉಳಿದಿದೆ ಎಂದು ಊಹಿಸಲು ಆಧಾರ ಸಿಗುತ್ತದೆ.

ಈ ಬರಹವನ್ನು ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಶುಶ್ರೂಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪರೀಕ್ಷೆಯ ವಿಧಾನವನ್ನು ಕಲಿಯುವುದು ಕಷ್ಟವಲ್ಲ. ಕಂಡದ್ದನ್ನು ಅರ್ಥೈಸುವುದು ಕಷ್ಟ, ಅದರಲ್ಲಿಯೂ ಪ್ರತಿಕ್ರಿಯೆ ಕಾಣದಿದ್ದಾಗ ಏನು ಬರೆಯಬೇಕು ಎಂಬುದು ಬಹಳ ಕಷ್ಟ. ಪ್ರತಿಯೊಂದು ಪ್ರತಿವರ್ತನೆಗೂ ಸಂವೇದನೆಯನ್ನು ಒಯ್ಯುವ ನರ, ಕಾಂಡದೊಳಗಿನ ಕೇಂದ್ರ, ಆಜ್ಞೆಯನ್ನು ತರುವ ನರ ಮತ್ತು ಕೊನೆಯಲ್ಲಿ ಒಂದು ಸ್ನಾಯು ಇರುತ್ತವೆ. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವ ಫಲಿತಾಂಶ ಒಂದೇ ಆಗಿರುತ್ತದೆ. ಪ್ರತಿವರ್ತನೆ ಇದ್ದರೆ ನಾಲ್ಕೂ ಸರಿಯಿವೆ ಎಂದು ನಿಶ್ಚಯವಾಗಿ ಹೇಳಬಹುದು. ಇಲ್ಲದಿದ್ದರೆ, ಉಳಿದ ಮೂರೂ ಸರಿಯಿವೆ ಎಂದು ತೋರಿಸುವವರೆಗೆ ಕಾಂಡವೇ ಹಾಳಾಗಿದೆ ಎನ್ನುವಂತಿಲ್ಲ.

ಟಾರ್ಚ್ ಹಿಡಿಯುವ ಮೊದಲು

ಮೊದಲ ಕೆಲಸ ರೋಗಿಯೊಂದಿಗೆ ಮಾತನಾಡುವುದು. ಕಣ್ಣು ಮುಚ್ಚಿಕೊಂಡು, ಕೈಕಾಲು ಅಲ್ಲಾಡಿಸದೆ, ವೆಂಟಿಲೇಟರ್ ಮೇಲೆ ಮಲಗಿರುವವರೆಲ್ಲರೂ ಪ್ರಜ್ಞೆ ಕಳೆದುಕೊಂಡವರಲ್ಲ. ಪಾನ್ಸ್‌ನ ಮುಂಭಾಗಕ್ಕೆ ರಕ್ತ ಹರಿಯುವುದು ನಿಂತಾಗ ಕೈಕಾಲು, ಮುಖ, ನಾಲಿಗೆಗಳೆಲ್ಲ ಸಂಪೂರ್ಣವಾಗಿ ನಿಷ್ಕ್ರಿಯವಾಗುತ್ತವೆ, ಕಣ್ಣುಗಳು ಅಕ್ಕಪಕ್ಕಕ್ಕೆ ಚಲಿಸುವುದೂ ನಿಲ್ಲುತ್ತದೆ, ಆದರೆ ಎಚ್ಚರ ಪೂರ್ತಿಯಾಗಿ ಉಳಿದಿರುತ್ತದೆ. ಅಂಥವರಿಗೆ ಉಳಿಯುವುದು ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಮತ್ತು ರೆಪ್ಪೆ ಮಿಟುಕಿಸುವ ಶಕ್ತಿ ಮಾತ್ರ. ಆದ್ದರಿಂದ ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದು, "ಮೇಲೆ ನೋಡಿ", "ಕೆಳಗೆ ನೋಡಿ" ಎಂದು ಕಿವಿಯ ಹತ್ತಿರ ಸ್ಪಷ್ಟವಾಗಿ ಹೇಳಬೇಕು. ಅದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ಹೇಳಬೇಕು. ನಮ್ಮ ಆಸ್ಪತ್ರೆಗಳಿಗೆ ಕನ್ನಡ ಮಾತ್ರವಲ್ಲದೆ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಡುವವರೂ ಬರುತ್ತಾರೆ. ಮನೆಯವರೊಬ್ಬರನ್ನು ಒಳಗೆ ಕರೆಸಿ ಅವರಿಂದಲೇ ಹೇಳಿಸುವುದರಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಹೋಗುವುದಿಲ್ಲ.

ಎರಡನೆಯ ಕೆಲಸ ಔಷಧದ ಹಾಳೆಯನ್ನು ಓದುವುದು. ನಿದ್ರೆ ಬರಿಸುವ ಔಷಧ, ಮಾರ್ಫೀನ್ ಅಥವಾ ಫೆಂಟನಿಲ್, ಸ್ನಾಯು ಸಡಿಲಿಸುವ ವೆಕ್ಯುರೋನಿಯಂ, ಅಟ್ರೋಪಿನ್, ಫೆನಿಟಾಯಿನ್, ಜೆಂಟಾಮೈಸಿನ್ ಇವುಗಳಲ್ಲಿ ಯಾವುದನ್ನು ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ ಎಂಬುದು ತಿಳಿಯದೆ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ. ಜೊತೆಗೆ ದೇಹದ ಉಷ್ಣತೆ, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಸೋಡಿಯಂ ಪ್ರಮಾಣಗಳನ್ನು ನೋಡಿಕೊಳ್ಳಬೇಕು. ಸಕ್ಕರೆ ಕುಸಿದು ಬಂದ ಕೋಮಾದಲ್ಲಿ ಗ್ಲೂಕೋಸ್ ಕೊಟ್ಟ ಮೇಲೆಯೇ ಉಳಿದ ವಿಚಾರ.

ಮೂರನೆಯದು, ಕಣ್ಣಿನ ಹಳೆಯ ಚರಿತ್ರೆ. ಪೊರೆಯ ಶಸ್ತ್ರಚಿಕಿತ್ಸೆಯಾದ ಹಿರಿಯರ ಪಾಪೆ ವಕ್ರವಾಗಿ, ಬೆಳಕಿಗೆ ಕುಗ್ಗದೆ ಇರಬಹುದು. ಒಂದು ಕಣ್ಣು ಕೃತಕವಾಗಿರಬಹುದು. ಗ್ಲಾಕೋಮಾದ ಹನಿಗಳಿಂದ ಪಾಪೆ ಸಣ್ಣದಾಗಿರಬಹುದು. ಕಣ್ಣಿನ ಹಿಂಭಾಗ ನೋಡಲೆಂದು ಯಾರೋ ಹಿಂದಿನ ಪಾಳಿಯಲ್ಲಿ ಪಾಪೆಯನ್ನು ಹಿಗ್ಗಿಸುವ ಟ್ರೋಪಿಕಮೈಡ್ ಹನಿ ಹಾಕಿ, ಅದನ್ನು ಬರೆದಿಡದೆ ಹೋಗಿರಬಹುದು. ತಲೆಗೆ ಪೆಟ್ಟು ಬಿದ್ದವರಿಗೆ ಅಂಥ ಹನಿಯನ್ನು ಹಾಕಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮುಂದಿನ ಹಲವು ಗಂಟೆಗಳ ಕಾಲ ಆ ಪಾಪೆ ಯಾವ ಅಪಾಯವನ್ನೂ ತಿಳಿಸಲಾರದು.

ಮುಟ್ಟದೆ ನೋಡುವುದು

ಎರಡೂ ರೆಪ್ಪೆಗಳನ್ನು ಮೃದುವಾಗಿ ಎತ್ತಿ, ಅರ್ಧ ನಿಮಿಷ ಸುಮ್ಮನೆ ನೋಡಬೇಕು. ಕಣ್ಣುಗಳು ಜೊತೆಯಾಗಿ ನಿಧಾನವಾಗಿ ಎಡಕ್ಕೂ ಬಲಕ್ಕೂ ಅಲೆಯುತ್ತಿದ್ದರೆ ಅದು ಒಳ್ಳೆಯ ಸೂಚನೆ, ಏಕೆಂದರೆ ಅಂಥ ಅಲೆದಾಟಕ್ಕೆ ಮಧ್ಯ ಮೆದುಳು ಮತ್ತು ಪಾನ್ಸ್ ಎರಡೂ ಉಳಿದಿರಬೇಕು. ಎರಡೂ ಕಣ್ಣು ಒಂದೇ ಕಡೆ ಹೊರಳಿ ನಿಂತಿದ್ದರೆ ಯಾವ ಕೈಕಾಲು ಸೋತಿದೆ ಎಂದು ನೋಡಬೇಕು. ದೊಡ್ಡ ಮೆದುಳಿನ ಮುಂಭಾಗ ಹಾನಿಗೊಂಡಿದ್ದರೆ ಕಣ್ಣುಗಳು ಸೋತ ಕೈಕಾಲಿನ ವಿರುದ್ಧ ದಿಕ್ಕಿಗೆ ತಿರುಗಿರುತ್ತವೆ, ಪಾನ್ಸ್ ಹಾನಿಗೊಂಡಿದ್ದರೆ ಸೋತ ಕಡೆಗೇ ತಿರುಗಿರುತ್ತವೆ. ಕಣ್ಣುಗುಡ್ಡೆಗಳು ಥಟ್ಟನೆ ಕೆಳಕ್ಕಿಳಿದು ನಿಧಾನವಾಗಿ ಮೇಲೇರುತ್ತಿದ್ದರೆ ಪಾನ್ಸ್‌ನಲ್ಲಿ ತೀವ್ರ ಹಾನಿಯಾಗಿದೆಯೆಂದು ಅನುಮಾನಿಸಬೇಕು. ಇಷ್ಟನ್ನು ತಿಳಿಯಲು ಯಾವ ಉಪಕರಣವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಪಾಪೆ ಮತ್ತು ಬೆಳಕು

ಕಣ್ಣಿಗೆ ಬಿದ್ದ ಬೆಳಕಿನ ಸಂಕೇತ ಎರಡನೆಯ ಕಪಾಲನರದ ಮೂಲಕ ಮಧ್ಯ ಮೆದುಳಿಗೆ ಹೋಗುತ್ತದೆ. ಅಲ್ಲಿ ಅದು ಎರಡೂ ಬದಿಯ ಎಡಿಂಗರ್–ವೆಸ್ಟ್‌ಫಾಲ್ ಕೇಂದ್ರಗಳಿಗೆ ಹಂಚಿಹೋಗಿ, ಮೂರನೆಯ ನರದ ಮೂಲಕ ಹಿಂದಿರುಗಿ ಎರಡೂ ಪಾಪೆಗಳನ್ನು ಕುಗ್ಗಿಸುತ್ತದೆ. ಹೀಗೆ ಹಂಚಿಹೋಗುವುದರಿಂದಲೇ ಒಂದು ಕಣ್ಣಿಗೆ ಬೆಳಕು ಬಿಟ್ಟು ಎರಡನ್ನೂ ನೋಡಬೇಕಾಗುತ್ತದೆ.

ಕೋಣೆಯ ದೀಪವನ್ನು ಮಂದಗೊಳಿಸಿ, ಮೊದಲು ಎರಡೂ ಪಾಪೆಗಳ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆಯಬೇಕು. ಸಾಧಾರಣ ಬೆಳಕಿನಲ್ಲಿ ವಯಸ್ಕರ ಪಾಪೆ ಸುಮಾರು 2ರಿಂದ 4 ಮಿಲಿಮೀಟರ್ ಇರುತ್ತದೆ. ಹಾಸಿಗೆಯ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನು ತೂಗುಹಾಕಿ, ಪ್ರತಿ ಬಾರಿಯೂ ಅದರೊಂದಿಗೆ ಹೋಲಿಸಿಯೇ ಅಂಕಿಯನ್ನು ಬರೆಯಬೇಕು. ಆಮೇಲೆ ಟಾರ್ಚನ್ನು ಪಕ್ಕದಿಂದ ತಂದು ಒಂದು ಕಣ್ಣಿನ ಮೇಲೆ ಎರಡು ಮೂರು ಸೆಕೆಂಡು ಹಿಡಿದು, ಆ ಪಾಪೆ ಕುಗ್ಗುವುದನ್ನು ನೋಡಬೇಕು. ಕೆಲವು ಸೆಕೆಂಡು ಬಿಟ್ಟು ಅದೇ ಕಣ್ಣಿಗೆ ಮತ್ತೆ ಬೆಳಕು ಕೊಟ್ಟು, ಈ ಸಲ ಇನ್ನೊಂದು ಪಾಪೆಯನ್ನು ನೋಡಬೇಕು. ಇದನ್ನೇ ಎರಡನೆಯ ಕಣ್ಣಿನಲ್ಲಿಯೂ ಮಾಡಬೇಕು. ಮೊಬೈಲ್ ಫೋನಿನ ಬೆಳಕು ಹರಡಿಕೊಂಡು ಎರಡೂ ಕಣ್ಣಿಗೆ ಒಟ್ಟಿಗೆ ಬೀಳುವುದರಿಂದ ಈ ಕೆಲಸಕ್ಕೆ ಅದು ಒಳ್ಳೆಯದಲ್ಲ. ಪಾಪೆ ತೀರ ಸಣ್ಣದಾಗಿದ್ದರೆ ಬರಿಗಣ್ಣಿಗೆ ಚಲನೆ ತಿಳಿಯುವುದಿಲ್ಲ. ಆಗ ಭೂತಗನ್ನಡಿ ಅಥವಾ ಆಫ್ತಲ್ಮೋಸ್ಕೋಪ್‌ನ ಪ್ಲಸ್ ಮಸೂರದ ಮೂಲಕ ನೋಡಬೇಕು. ಪಾನ್ಸ್‌ನ ರಕ್ತಸ್ರಾವದಲ್ಲಿ ಸೂಜಿಮೊನೆಯಷ್ಟಾದ ಪಾಪೆಯೂ ಹೀಗೆ ನೋಡಿದಾಗ ಬೆಳಕಿಗೆ ಅಲುಗುವುದು ಕಾಣಿಸುತ್ತದೆ.

ಬಲಗಣ್ಣಿಗೆ ಬೆಳಕು ಬಿಟ್ಟಾಗ ಎರಡೂ ಪಾಪೆಗಳು ಅಲುಗದೆ, ಎಡಗಣ್ಣಿಗೆ ಬಿಟ್ಟಾಗ ಎರಡೂ ಕುಗ್ಗಿದರೆ, ದೋಷ ಇರುವುದು ಬಲಗಣ್ಣಿನಲ್ಲಿ ಅಥವಾ ಅದರ ದೃಷ್ಟಿನರದಲ್ಲಿಯೇ ಹೊರತು ಮಧ್ಯ ಮೆದುಳಿನಲ್ಲಿ ಅಲ್ಲ. ಹುಬ್ಬಿನ ಮೇಲೆ ಪೆಟ್ಟು ಬಿದ್ದ ಬೈಕ್ ಸವಾರರಲ್ಲಿ ಹೀಗಾಗುವುದುಂಟು. ಯಾವ ಕಣ್ಣಿಗೆ ಬೆಳಕು ಬಿಟ್ಟರೂ ಬಲ ಪಾಪೆ ಮಾತ್ರ ಹಿಗ್ಗಿಯೇ ನಿಂತಿದ್ದರೆ ದೋಷ ಬಲಬದಿಯ ಮೂರನೆಯ ನರದಲ್ಲಿದೆ. ತಲೆಬುರುಡೆಯೊಳಗೆ ಒತ್ತಡ ಏರಿ ಟೆಂಪೊರಲ್ ಭಾಗದ ಒಳಅಂಚು ಕೆಳಕ್ಕೆ ಜಾರಿದಾಗ ಮೊದಲು ನಲುಗುವುದು ಈ ನರ, ಮತ್ತು ಪಾಪೆಯನ್ನು ಕುಗ್ಗಿಸುವ ತಂತುಗಳು ಅದರ ಹೊರಮೈಯಲ್ಲಿಯೇ ಇರುವುದರಿಂದ ಮೊದಲು ಕಾಣುವ ಲಕ್ಷಣ ಪಾಪೆ ಹಿಗ್ಗುವುದು. ಪ್ರಜ್ಞೆ ಮಂಕಾಗುತ್ತಿರುವ ರೋಗಿಯಲ್ಲಿ ಒಂದು ಪಾಪೆ ಹೊಸದಾಗಿ ಹಿಗ್ಗಿ ಬೆಳಕಿಗೆ ಸ್ಪಂದಿಸದಿದ್ದರೆ ನಿಮಿಷಗಳು ಮುಖ್ಯವಾಗುತ್ತವೆ. ಉಳಿದ ಪರೀಕ್ಷೆಗಳನ್ನು ಅಲ್ಲಿಗೇ ಬಿಟ್ಟು, ತಲೆಯನ್ನು 30 ಡಿಗ್ರಿ ಎತ್ತರಿಸಿ, ಉಸಿರಾಟವನ್ನು ಭದ್ರಪಡಿಸಿ, ಮ್ಯಾನಿಟಾಲ್ ಅಥವಾ ಗಾಢ ಲವಣದ್ರಾವಣವನ್ನು ಆರಂಭಿಸಿ, ಸಿ.ಟಿ. ಸ್ಕ್ಯಾನಿಗೂ ನರಶಸ್ತ್ರಚಿಕಿತ್ಸಕರಿಗೂ ಕರೆ ಹೋಗಬೇಕು.

ಆದರೆ ಎಚ್ಚರವಾಗಿ ಕುಳಿತು ಮಾತನಾಡುತ್ತಿರುವ ವ್ಯಕ್ತಿಯ ಒಂದು ಪಾಪೆ ದೊಡ್ಡದಿದ್ದರೆ ಅದನ್ನು ಮೆದುಳು ಜಾರಿದ ಲಕ್ಷಣವೆಂದು ಓದಬಾರದು. ಜನರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ 1 ಮಿಲಿಮೀಟರ್‌ವರೆಗಿನ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ನೆಬ್ಯುಲೈಜರ್ ಮುಖವಾಡದಿಂದ ಸೋರಿದ ಉಬ್ಬಸದ ಔಷಧ ಇಪ್ರಾಟ್ರೋಪಿಯಂ ಒಂದು ಕಣ್ಣಿಗೆ ತಾಗಿದರೂ ಆ ಪಾಪೆ ಹಿಗ್ಗುತ್ತದೆ. ಅನುಮಾನವಿದ್ದರೆ ಶೇಕಡ 1ರ ಪೈಲೋಕಾರ್ಪಿನ್ ಹನಿ ಹಾಕಿ ನೋಡಬಹುದು: ನರ ಸೋತು ಹಿಗ್ಗಿದ ಪಾಪೆ ಅದಕ್ಕೆ ಕುಗ್ಗುತ್ತದೆ, ಔಷಧದಿಂದ ಹಿಗ್ಗಿದ ಪಾಪೆ ಕುಗ್ಗುವುದಿಲ್ಲ. ಎರಡರಲ್ಲಿ ಯಾವ ಪಾಪೆ ಕೆಟ್ಟದ್ದು ಎಂಬ ಗೊಂದಲವಿದ್ದಾಗ ಬೆಳಕಿನಲ್ಲೂ ಕತ್ತಲೆಯಲ್ಲೂ ಹೋಲಿಸಬೇಕು. ವ್ಯತ್ಯಾಸ ಬೆಳಕಿನಲ್ಲಿ ಹೆಚ್ಚಾದರೆ ದೊಡ್ಡ ಪಾಪೆ ಕೆಟ್ಟಿದೆ, ಕತ್ತಲೆಯಲ್ಲಿ ಹೆಚ್ಚಾದರೆ ಚಿಕ್ಕದು.

ಎರಡೂ ಪಾಪೆಗಳು 4ರಿಂದ 6 ಮಿಲಿಮೀಟರ್‌ನಲ್ಲಿ ನಿಂತು ಬೆಳಕಿಗೆ ಅಲುಗದಿದ್ದರೆ ಮಧ್ಯ ಮೆದುಳು ಹಾನಿಗೊಂಡಿರಬಹುದು. ಎರಡೂ ಚುಕ್ಕೆಯಷ್ಟಾಗಿದ್ದರೆ ಪಾನ್ಸ್‌ನ ರಕ್ತಸ್ರಾವ, ಮಾರ್ಫೀನ್ ಗುಂಪಿನ ಔಷಧ ಅಥವಾ ಆರ್ಗನೊಫಾಸ್ಫೇಟ್ ಕೀಟನಾಶಕ, ಈ ಮೂರನ್ನು ಮೊದಲು ನೆನೆಯಬೇಕು. ಹೊಲಕ್ಕೆ ಸಿಂಪಡಿಸುವ ವಿಷ ಕುಡಿದು ಬಂದವರ ಪಾಪೆ ಬಂದಾಗ ಚುಕ್ಕೆಯಾಗಿರುತ್ತದೆ, ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟ ಮೇಲೆ ಅದೇ ಪಾಪೆ ಅಗಲವಾಗಿ ನಿಲ್ಲುತ್ತದೆ. ಎರಡೂ ಸಂದರ್ಭದಲ್ಲಿ ಪಾಪೆಯನ್ನು ಹಾಗಿಟ್ಟದ್ದು ವಿಷ ಮತ್ತು ಔಷಧ. ಉಮ್ಮತ್ತಿ ಕಾಯಿ ತಿಂದವರ ಪಾಪೆಯೂ ಅಟ್ರೋಪಿನ್ ಕೊಟ್ಟವರಂತೆಯೇ ಹಿಗ್ಗಿರುತ್ತದೆ.

ಸ್ನಾಯು ಸಡಿಲಿಸುವ ಔಷಧದ ಪ್ರಭಾವದಲ್ಲಿರುವವರ ವಿಷಯದಲ್ಲಿ ಒಂದು ಅನುಕೂಲವಿದೆ. ವೆಕ್ಯುರೋನಿಯಂನಂಥ ಔಷಧಗಳು ಕೈಕಾಲು, ರೆಪ್ಪೆ ಮತ್ತು ಕಣ್ಣುಗುಡ್ಡೆಯ ಸ್ನಾಯುಗಳನ್ನು ನಿಲ್ಲಿಸುತ್ತವೆ, ಆದರೆ ಪಾಪೆಯನ್ನು ಕುಗ್ಗಿಸುವ ಸ್ನಾಯು ಬೇರೆ ಬಗೆಯದಾದ್ದರಿಂದ ವಾಡಿಕೆಯ ಪ್ರಮಾಣದಲ್ಲಿ ಕೊಟ್ಟಾಗ ಅದರ ಮೇಲೆ ಅವು ಕೆಲಸ ಮಾಡುವುದಿಲ್ಲ. ಉಳಿದೆಲ್ಲ ಪ್ರತಿವರ್ತನೆಗಳು ಮರೆಯಾಗಿದ್ದರೂ ಪಾಪೆ ಬೆಳಕಿಗೆ ಸ್ಪಂದಿಸುತ್ತಿದ್ದರೆ, ಮಧ್ಯ ಮೆದುಳು ಬದುಕಿದೆ ಎಂದು ಧೈರ್ಯವಾಗಿ ಬರೆಯಬಹುದು. ಶರೀರದ ರಾಸಾಯನಿಕ ಏರುಪೇರಿನಿಂದ ಬಂದ ಕೋಮಾದಲ್ಲಿಯೂ ಪಾಪೆಯ ಪ್ರತಿವರ್ತನೆ ಬಹುತೇಕ ಕೊನೆಯವರೆಗೆ ಉಳಿಯುತ್ತದೆ.

ಈಗ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಪಾಪೆಯ ವೇಗವನ್ನೂ ಅಗಲವನ್ನೂ ಅಳೆದು 0ರಿಂದ 5ರವರೆಗಿನ ಸೂಚ್ಯಂಕ ಕೊಡುವ ಯಂತ್ರಗಳಿವೆ. 3ಕ್ಕಿಂತ ಕಡಿಮೆ ಬಂದರೆ ಅಸಹಜವೆಂದು ಓದಲಾಗುತ್ತದೆ. 1974ರಲ್ಲಿ ಟೀಸ್ಡೇಲ್ ಮತ್ತು ಜೆನೆಟ್ ರೂಪಿಸಿದ, ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಅಳತೆಗೂ 2018ರಲ್ಲಿ ಪಾಪೆ ಸೇರಿಕೊಂಡಿತು: ಬೆಳಕಿಗೆ ಸ್ಪಂದಿಸದ ಪಾಪೆಗಳು ಎಷ್ಟಿವೆಯೋ ಅಷ್ಟನ್ನು ಒಟ್ಟು ಅಂಕದಿಂದ ಕಳೆಯುವುದು ಅದರ ಕ್ರಮ.

ಕಾರ್ನಿಯಾದ ಸ್ಪರ್ಶ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಮುಟ್ಟಿ ನೋಡುವ ಇದು ಪಾನ್ಸ್‌ನ ಪರೀಕ್ಷೆ. ಸ್ಪರ್ಶವನ್ನು ಐದನೆಯ ನರ ಒಳಗೆ ಒಯ್ಯುತ್ತದೆ, ಏಳನೆಯ ನರ ಎರಡೂ ರೆಪ್ಪೆಗಳನ್ನು ಮುಚ್ಚಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಶುದ್ಧ ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು, ರೋಗಿಯ ಪಕ್ಕದಿಂದ ತಂದು, ಕಣ್ಣಿನ ಬಿಳಿಯ ಭಾಗವನ್ನಲ್ಲ, ಕಪ್ಪು ಭಾಗದ ಅಂಚಿಗೆ ಹತ್ತಿರವಿರುವ ಕಾರ್ನಿಯಾವನ್ನು ಮುಟ್ಟಬೇಕು. ರೆಪ್ಪೆಗೂದಲಿಗೆ ತಾಗಿದರೂ ರೆಪ್ಪೆ ಮುಚ್ಚುವುದರಿಂದ ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ದಿನವೂ ಮಾಡುವ ಪರೀಕ್ಷೆಯಲ್ಲಿ ಕೆಲವು ಅಂಗುಲ ಮೇಲಿನಿಂದ ಒಂದೆರಡು ಹನಿ ಸಲೈನ್ ಬಿಡುವುದು ಉತ್ತಮ ಎಂದು ನನಗನ್ನಿಸುತ್ತದೆ, ಏಕೆಂದರೆ ಮೂರು ಪಾಳಿಯವರೂ ದಿನಕ್ಕೆ ಹಲವು ಬಾರಿ ಹತ್ತಿಯಿಂದ ಮುಟ್ಟಿದರೆ ಕಾರ್ನಿಯಾ ಗೀಚಿಹೋಗುತ್ತದೆ. ಮೆದುಳುಕಾಂಡದ ಮರಣವನ್ನು ಪ್ರಮಾಣೀಕರಿಸುವ ಪರೀಕ್ಷೆಯಲ್ಲಿ ಮಾತ್ರ ಹನಿ ಸಾಲದು, ಹತ್ತಿಯಿಂದ ಸ್ವಲ್ಪ ಒತ್ತಿಯೇ ಮುಟ್ಟಬೇಕು.

ಬಲ ಕಾರ್ನಿಯಾವನ್ನು ಮುಟ್ಟಿದಾಗ ಎಡರೆಪ್ಪೆ ಮಾತ್ರ ಮುಚ್ಚಿದರೆ ಸ್ಪರ್ಶ ತಲುಪಿದೆ, ಬಲಬದಿಯ ಮುಖದ ನರ ಸೋತಿದೆ. ಬಲವನ್ನು ಮುಟ್ಟಿದಾಗ ಎರಡೂ ಸುಮ್ಮನಿದ್ದು ಎಡವನ್ನು ಮುಟ್ಟಿದಾಗ ಎರಡೂ ಮುಚ್ಚಿದರೆ ಬಲಬದಿಯ ಐದನೆಯ ನರದಲ್ಲಿ ದೋಷವಿದೆ. ಕುಷ್ಠರೋಗದಿಂದ ಗುಣವಾದವರಲ್ಲಿ ಕಾರ್ನಿಯಾದ ಸ್ಪರ್ಶವೂ ರೆಪ್ಪೆ ಮುಚ್ಚುವ ಶಕ್ತಿಯೂ ವರ್ಷಗಳ ಹಿಂದೆಯೇ ಹೋಗಿರಬಹುದು ಎಂಬುದನ್ನು ನಮ್ಮಲ್ಲಿ ವಿಶೇಷವಾಗಿ ನೆನಪಿಡಬೇಕು.

ತಲೆಯನ್ನು ತಿರುಗಿಸಿ ನೋಡುವುದು

ಕತ್ತಿನ ಮೂಳೆಗೆ ಪೆಟ್ಟಾಗಿಲ್ಲ ಎಂದು ಖಚಿತವಾಗುವವರೆಗೆ ಈ ಪರೀಕ್ಷೆಯನ್ನು ಮಾಡಲೇಬಾರದು. ರಸ್ತೆ ಅಪಘಾತದಲ್ಲಿ, ಮರದಿಂದ ಅಥವಾ ಕಟ್ಟಡದಿಂದ ಬಿದ್ದು ಪ್ರಜ್ಞೆ ತಪ್ಪಿ ಬಂದ ಪ್ರತಿಯೊಬ್ಬರ ಕತ್ತೂ ಸ್ಕ್ಯಾನ್ ಆಗುವವರೆಗೆ ಮುರಿದಿದೆ ಎಂದೇ ಭಾವಿಸಬೇಕು. ಅಂಥವರಲ್ಲಿ ಇದನ್ನು ಬಿಟ್ಟು ನೇರವಾಗಿ ತಣ್ಣೀರಿನ ಪರೀಕ್ಷೆಗೆ ಹೋಗಬಹುದು, ಅದರಿಂದ ಸಿಗುವ ಮಾಹಿತಿ ಇದಕ್ಕಿಂತ ಹೆಚ್ಚು.

ಸಹಾಯಕರು ಉಸಿರಾಟದ ನಳಿಕೆಯನ್ನು ಹಿಡಿದುಕೊಂಡಿರಬೇಕು. ಪರೀಕ್ಷಕರು ತಲೆಯ ಬದಿಯಲ್ಲಿ ನಿಂತು, ಎರಡೂ ಕೈಗಳಿಂದ ತಲೆಯನ್ನು ಹಿಡಿದು, ಹೆಬ್ಬೆರಳುಗಳಿಂದ ರೆಪ್ಪೆಗಳನ್ನು ಎತ್ತಿ, ತಲೆಯನ್ನು ಮಧ್ಯದಿಂದ ಒಂದು ಪಕ್ಕಕ್ಕೆ ಚುರುಕಾಗಿ ತಿರುಗಿಸಿ ಮೂರು ನಾಲ್ಕು ಸೆಕೆಂಡು ಹಾಗೆಯೇ ಹಿಡಿಯಬೇಕು. ಕಾಂಡ ಸರಿಯಿದ್ದ ಕೋಮಾ ರೋಗಿಯಲ್ಲಿ ಕಣ್ಣುಗಳು ತಲೆಯ ಜೊತೆ ಹೋಗದೆ ವಿರುದ್ಧ ದಿಕ್ಕಿಗೆ ಸರಿದು, ಮೇಲ್ಛಾವಣಿಯನ್ನೇ ನೋಡುತ್ತಾ ನಿಲ್ಲುತ್ತವೆ. ಕಾಂಡ ಕೆಲಸ ಮಾಡದಿದ್ದರೆ, ಗೊಂಬೆಯ ಮುಖದ ಮೇಲೆ ಬರೆದ ಕಣ್ಣುಗಳಂತೆ, ತಲೆ ಹೋದ ಕಡೆಗೇ ಹೋಗುತ್ತವೆ. ನಂತರ ಇನ್ನೊಂದು ಪಕ್ಕಕ್ಕೂ, ಆಮೇಲೆ ಮೇಲಕ್ಕೂ ಕೆಳಕ್ಕೂ ಮಾಡಬೇಕು. ಪಕ್ಕದ ಚಲನೆ ಉಳಿದು ಮೇಲುಮುಖದ ಚಲನೆ ಮಾತ್ರ ಹೋಗಿದ್ದರೆ ಮಧ್ಯ ಮೆದುಳಿನ ಹಿಂಭಾಗವನ್ನು ಅನುಮಾನಿಸಬೇಕು. ಹೊರಮುಖವಾಗಿ ಸರಿಯಬೇಕಾದ ಕಣ್ಣು ಸರಿದು, ಮೂಗಿನ ಕಡೆಗೆ ಸರಿಯಬೇಕಾದ ಕಣ್ಣು ನಿಂತಲ್ಲೇ ನಿಂತರೆ, ಪಾನ್ಸ್‌ನಿಂದ ಮಧ್ಯ ಮೆದುಳಿಗೆ ಏರುವ ತಂತುಗಳ ಕಟ್ಟಿನಲ್ಲಿ ಅಥವಾ ಆ ಕಣ್ಣಿನ ಮೂರನೆಯ ನರದಲ್ಲಿ ದೋಷವಿದೆ. ಎಚ್ಚರವಾಗಿರುವವರಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ, ಅವರು ತಮಗಿಷ್ಟ ಬಂದಲ್ಲಿ ನೋಡುತ್ತಾರೆ.

ಕಿವಿಗೆ ತಣ್ಣೀರು

ಕಿವಿಯ ಉಷ್ಣತೆಯನ್ನು ಬದಲಿಸಿ ಕಣ್ಣಿನ ಚಲನೆಯನ್ನು ನೋಡುವ ವಿಧಾನವನ್ನು ವಿಯೆನ್ನಾದ ರಾಬರ್ಟ್ ಬಾರಾನಿ ವಿವರಿಸಿ, ಒಳಗಿವಿಯ ಸಮತೋಲನದ ಕುರಿತ ತಮ್ಮ ಕೆಲಸಕ್ಕಾಗಿ 1914ರ ನೊಬೆಲ್ ಪಡೆದರು. ತಲೆ ತಿರುಗಿಸುವ ಪರೀಕ್ಷೆಗಿಂತ ಇದರ ಪ್ರಚೋದನೆ ಬಲವಾದದ್ದು, ಹಾಗಾಗಿ ಅಲ್ಲಿ ಕಾಣದ ಚಲನೆ ಇಲ್ಲಿ ಕಾಣಬಹುದು.

ಮೊದಲು ಓಟೋಸ್ಕೋಪ್‌ನಿಂದ ಎರಡೂ ಕಿವಿಗಳನ್ನು ನೋಡಬೇಕು. ಗುಗ್ಗೆ ಅಥವಾ ರಕ್ತ ತುಂಬಿದ್ದರೆ ತಣ್ಣೀರು ಒಳಗೆ ತಲುಪುವುದಿಲ್ಲ, ಅದನ್ನು ಶುಚಿಗೊಳಿಸಬೇಕು. ತಮಟೆ ಹರಿದಿದ್ದರೆ ಅಥವಾ ಬುರುಡೆಯ ತಳ ಮುರಿದು ಕಿವಿಯಿಂದ ದ್ರವ ಸೋರುತ್ತಿದ್ದರೆ ಆ ಕಿವಿಗೆ ನೀರು ಬಿಡಬಾರದು. ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತರಿಸಬೇಕು. ಆ ಕೋನದಲ್ಲಿ ಒಳಗಿವಿಯ ಅಡ್ಡ ಕೊಳವೆ ನೆಟ್ಟಗೆ ನಿಲ್ಲುತ್ತದೆ, ತಣ್ಣಗಾದ ದ್ರವ ಅದರೊಳಗೆ ಕೆಳಕ್ಕಿಳಿಯುತ್ತದೆ, ಆ ಹರಿವೇ ಪ್ರಚೋದನೆ. ಮಂಜುಗಡ್ಡೆ ತೇಲುತ್ತಿರುವ ನೀರನ್ನು 50 ಮಿಲಿಲೀಟರ್ ಸಿರಿಂಜಿನಲ್ಲಿ ಎಳೆದು, ತುದಿಗೆ ಮೃದುವಾದ ಸಣ್ಣ ನಳಿಕೆಯನ್ನು ಸಿಕ್ಕಿಸಿ, ಸುಮಾರು ಒಂದು ನಿಮಿಷದ ಅವಧಿಯಲ್ಲಿ ಕಿವಿಯೊಳಗೆ ಬಿಡಬೇಕು. ಸೂಜಿ ಬೇಡವೇ ಬೇಡ. ಕಿವಿಯ ಕೆಳಗೆ ಬಟ್ಟಲು ಹಿಡಿದಿರಬೇಕು. ಸಹಾಯಕರು ಎರಡೂ ರೆಪ್ಪೆಗಳನ್ನು ತೆರೆದಿಟ್ಟಿರಬೇಕು, ನೀರು ಮುಗಿದ ಮೇಲೆಯೂ ಒಂದು ಪೂರ್ತಿ ನಿಮಿಷ ನೋಡುತ್ತಲೇ ಇರಬೇಕು, ಏಕೆಂದರೆ ಉತ್ತರ ತಡವಾಗಿ ಬರುವುದುಂಟು. ಇನ್ನೊಂದು ಕಿವಿಗೆ ಹೋಗುವ ಮೊದಲು ಐದು ನಿಮಿಷ ಕಾಯಬೇಕು, ಇಲ್ಲದಿದ್ದರೆ ಎರಡು ಕಿವಿಗಳ ಪ್ರಚೋದನೆಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಕಾಂಡ ಸರಿಯಿರುವ ಕೋಮಾ ರೋಗಿಯಲ್ಲಿ ಎರಡೂ ಕಣ್ಣುಗಳು ನಿಧಾನವಾಗಿ ನೀರು ಬಿಟ್ಟ ಕಿವಿಯ ಕಡೆಗೆ ಸರಿದು ಅಲ್ಲಿಯೇ ನಿಲ್ಲುತ್ತವೆ. ಎಚ್ಚರವಿರುವವರಲ್ಲಿ ಹೀಗೆ ಸರಿದ ಕಣ್ಣನ್ನು ದೊಡ್ಡ ಮೆದುಳು ವಿರುದ್ಧ ದಿಕ್ಕಿಗೆ ಮತ್ತೆ ಮತ್ತೆ ಝಟಕಿಸಿ ತರುತ್ತದೆ, ಜೊತೆಗೆ ವಿಪರೀತ ತಲೆಸುತ್ತು ಮತ್ತು ವಾಂತಿ ಬರುತ್ತವೆ. ಹಾಗಾಗಿ ಇಷ್ಟು ತಣ್ಣನೆಯ ನೀರನ್ನು ಎಚ್ಚರವಿರುವವರ ಮೇಲೆ ಪ್ರಯೋಗಿಸಬಾರದು. ನೀರಿನ ಸಂಕೇತ ಪಾನ್ಸ್ ಮತ್ತು ಮೆಡುಲ್ಲಾ ಸೇರುವಲ್ಲಿ ಒಳಹೊಕ್ಕು, ಪಾನ್ಸ್‌ನ ಆರನೆಯ ನರದ ಕೇಂದ್ರಕ್ಕೂ ಅಲ್ಲಿಂದ ಮಧ್ಯ ಮೆದುಳಿನ ಮೂರನೆಯ ನರದ ಕೇಂದ್ರಕ್ಕೂ ಏರುತ್ತದೆ. ಆದ್ದರಿಂದ ಎರಡೂ ಕಣ್ಣು ಜೊತೆಯಾಗಿ ಸರಿದರೆ ಕಾಂಡದ ಬಹಳ ಉದ್ದದ ಭಾಗ ಒಂದೇ ಪರೀಕ್ಷೆಯಲ್ಲಿ ಸಾಕ್ಷಿ ನುಡಿದಂತಾಗುತ್ತದೆ. ಜೆಂಟಾಮೈಸಿನ್‌ನಂಥ ಔಷಧಗಳಿಂದ ಒಳಗಿವಿ ಕೆಟ್ಟವರಲ್ಲಿ, ಫೆನಿಟಾಯಿನ್ ಅತಿಯಾದವರಲ್ಲಿ ಮತ್ತು ನಿದ್ರೆಯ ಔಷಧ ಗಾಢವಾಗಿರುವವರಲ್ಲಿ ಕಾಂಡ ಸರಿಯಿದ್ದರೂ ಉತ್ತರ ಬಾರದಿರಬಹುದು.

ಕಟ್ಟುಹಾವು ಕಚ್ಚಿದವರ ಕಣ್ಣು

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದಾಗ ನೋವೂ ಊತವೂ ಇರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರು ನಿಲ್ಲುತ್ತಾ ಬಂದಿರುತ್ತದೆ. ಈ ಹಾವಿನ ವಿಷ ನರದ ತುದಿಯನ್ನೇ ಕೆಡಿಸಿ, ಸ್ನಾಯುವಿಗೆ ಆಜ್ಞೆ ದಾಟದಂತೆ ಮಾಡುತ್ತದೆ. ರೆಪ್ಪೆ ಮಿಟುಕುವುದಿಲ್ಲ, ಕಣ್ಣುಗುಡ್ಡೆ ತಲೆ ತಿರುಗಿಸಿದರೂ ತಣ್ಣೀರು ಬಿಟ್ಟರೂ ಸರಿಯುವುದಿಲ್ಲ, ಕೆಲವರಲ್ಲಿ ಪಾಪೆಗಳೂ ಹಿಗ್ಗಿ ಬೆಳಕಿಗೆ ಅಲುಗದೆ ನಿಲ್ಲುತ್ತವೆ. ಮೇಲೆ ಹೇಳಿದ ನಾಲ್ಕೂ ಪರೀಕ್ಷೆಗಳು ಇಲ್ಲ ಎಂದೇ ಉತ್ತರಿಸುತ್ತವೆ. ಮೆದುಳಿಗೆ ಏನೂ ಆಗಿರುವುದಿಲ್ಲ. ಸುತ್ತಲಿನವರ ಮಾತು ಆ ವ್ಯಕ್ತಿಗೆ ಕೇಳಿಸುತ್ತಿರಬಹುದು.

ವೆಂಟಿಲೇಟರ್‌ನಲ್ಲಿ ಉಸಿರು ಕೊಟ್ಟು ಕಾದರೆ ನರದ ತುದಿಗಳು ದಿನಗಳಲ್ಲಿ ಅಥವಾ ವಾರಗಳಲ್ಲಿ ಮತ್ತೆ ಬೆಳೆದು, ಇಂಥ ರೋಗಿಗಳು ನಡೆದು ಮನೆಗೆ ಹೋಗುತ್ತಾರೆ. ಕಾರಣ ತಿಳಿಯದ ಕೋಮಾದಲ್ಲಿ, ಸ್ಕ್ಯಾನ್ ಸಹಜವಾಗಿದ್ದು ಕಣ್ಣಿನ ಪ್ರತಿವರ್ತನೆಗಳೆಲ್ಲವೂ ಇಲ್ಲವಾಗಿದ್ದರೆ, ಎಲ್ಲಿ ಮಲಗಿದ್ದರು, ರೆಪ್ಪೆ ಜೋಲುವುದು ಮೊದಲು ಶುರುವಾಯಿತೇ ಎಂದು ಮನೆಯವರನ್ನು ಕೇಳದೆ ಮುಂದುವರಿಯಬಾರದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿರುವುದರಿಂದ ಅನುಮಾನವನ್ನು ದಾಖಲಿಸಿ ವರದಿ ಮಾಡುವುದು ಆಸ್ಪತ್ರೆಯ ಕರ್ತವ್ಯವೂ ಹೌದು. ನರಗಳನ್ನು ಸೋಲಿಸುವ ಗಿಲ್ಲೆನ್–ಬಾರೆ ಕಾಯಿಲೆಯ ತೀವ್ರ ರೂಪ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಬೊಟ್ಯುಲಿಸಂ, ಕೀಟನಾಶಕ ಕುಡಿದ ಒಂದರಿಂದ ನಾಲ್ಕು ದಿನಗಳೊಳಗೆ ಬರುವ ಸ್ನಾಯುಗಳ ಸೋಲು, ಇವೂ ಇದೇ ರೀತಿ ಮರೆಮಾಚಬಲ್ಲವು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇ.ಇ.ಜಿ. ಮಾಡಿಸಿದರೆ ಎಚ್ಚರದ ಅಲೆಗಳು ಕಾಣಿಸಿ ನಿಜ ತಿಳಿಯುತ್ತದೆ.

ಮೆದುಳುಕಾಂಡದ ಮರಣವನ್ನು ಪ್ರಮಾಣೀಕರಿಸುವಾಗ

ನಮ್ಮ ದೇಶದಲ್ಲಿ ಇದು 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಿ, 2014ರ ನಿಯಮಗಳ 10ನೆಯ ನಮೂನೆಯಲ್ಲಿ ಸಹಿ ಮಾಡಬೇಕು. ಕರ್ನಾಟಕದಲ್ಲಿ ಅಂಗಾಂಗ ದಾನದ ಸಮನ್ವಯವನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ. ಕಣ್ಣಿನ ಪ್ರತಿವರ್ತನೆಗಳನ್ನು ನೋಡುವ ಮೊದಲೇ ಕೋಮಾದ ಕಾರಣ ತಿಳಿದಿರಬೇಕು ಮತ್ತು ಅದು ಸರಿಪಡಿಸಲಾಗದ್ದೆಂದು ಖಚಿತವಾಗಿರಬೇಕು. ಮದ್ಯ, ನಿದ್ರೆಯ ಔಷಧ, ಸ್ನಾಯು ಸಡಿಲಿಸುವ ಔಷಧ, ದೇಹ ತಣ್ಣಗಾಗಿರುವುದು, ರಕ್ತದೊತ್ತಡದ ಕುಸಿತ, ರಾಸಾಯನಿಕ ಏರುಪೇರು ಇವನ್ನು ಒಂದೊಂದಾಗಿ ಹೊರಗಿಡಬೇಕು. 2020ರ ಅಂತರರಾಷ್ಟ್ರೀಯ ಶಿಫಾರಸು ದೇಹದ ಒಳ ಉಷ್ಣತೆ ಕನಿಷ್ಠ 36 ಡಿಗ್ರಿ ಸೆಲ್ಸಿಯಸ್ ಮತ್ತು ವಯಸ್ಕರಲ್ಲಿ ಮೇಲಿನ ರಕ್ತದೊತ್ತಡ ಕನಿಷ್ಠ 100 ಮಿಲಿಮೀಟರ್ ಪಾದರಸ ಇರಬೇಕೆನ್ನುತ್ತದೆ. ಇಷ್ಟಾದ ಮೇಲೆ ಪಾಪೆ, ತಲೆ ತಿರುಗಿಸುವಿಕೆ, ಕಾರ್ನಿಯಾ, ತಣ್ಣೀರು, ಗಂಟಲು ಮತ್ತು ಕೆಮ್ಮಿನ ಪ್ರತಿವರ್ತನೆಗಳನ್ನು ಎರಡೂ ಬದಿಗಳಲ್ಲಿ ನೋಡಿ, ಎಲ್ಲವೂ ಇಲ್ಲವಾದರೆ ಮಾತ್ರ ಕೊನೆಯಲ್ಲಿ, ವೆಂಟಿಲೇಟರ್ ಇಲ್ಲದೆ ರೋಗಿ ತಾನಾಗಿ ಉಸಿರಾಡುತ್ತಾರೆಯೇ ಎಂದು ನೋಡುವ ಉಸಿರಾಟದ ಪರೀಕ್ಷೆಗೆ ಹೋಗಬೇಕು. ಕನಿಷ್ಠ ಆರು ಗಂಟೆಗಳ ನಂತರ ಇಡೀ ಕ್ರಮವನ್ನು ಮೊದಲಿನಿಂದ ಮತ್ತೆ ಮಾಡಬೇಕು.

ದಾಖಲೆಯಲ್ಲಿ "ಕಣ್ಣಿನ ಪ್ರತಿವರ್ತನೆ ಇಲ್ಲ" ಎಂಬ ಒಂದೇ ಸಾಲು ಸಾಲದು. ಸಮಯ, ಉಷ್ಣತೆ, ಪ್ರತಿ ಪಾಪೆಯ ಅಗಲ, ಯಾವ ಕಣ್ಣಿಗೆ ಬೆಳಕು ಬಿಟ್ಟಾಗ ಯಾವುದು ಏನು ಮಾಡಿತು, ಎಷ್ಟು ನೀರನ್ನು ಯಾವ ಕಿವಿಗೆ ಬಿಡಲಾಯಿತು, ಯಾವ ಪರೀಕ್ಷೆಯನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬುದನ್ನು ಬಲ ಮತ್ತು ಎಡಕ್ಕೆ ಬೇರೆ ಬೇರೆಯಾಗಿ ಬರೆಯಬೇಕು. ಕತ್ತಿನ ಪೆಟ್ಟಿನಿಂದಾಗಿ ತಲೆ ತಿರುಗಿಸಲಿಲ್ಲವಾದರೆ "ಮಾಡಿಲ್ಲ" ಎಂದು ಬರೆಯಬೇಕೇ ಹೊರತು "ಇಲ್ಲ" ಎಂದಲ್ಲ. ಒಂದು ಕಣ್ಣಿನಲ್ಲಿ ಒಂದೇ ಒಂದು ಪ್ರತಿವರ್ತನೆ ಕ್ಷೀಣವಾಗಿ ಕಂಡರೂ ಪ್ರಮಾಣೀಕರಣವನ್ನು ಅಲ್ಲಿಗೇ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದ್ದನ್ನು ಕಾರಣಸಹಿತ ಬರೆದು, ಕುಟುಂಬದವರಿಗೆ ಅದೇ ಹೊತ್ತಿನಲ್ಲಿ ತಿಳಿಸಿ, ಕಣ್ಣುಗಳಿಗೆ ತೇವದ ಹನಿ ಹಾಕಿ ರೆಪ್ಪೆಗಳನ್ನು ಮುಚ್ಚಿಸಿ, ಚಿಕಿತ್ಸೆಯನ್ನು ಮುಂದುವರಿಸಬೇಕು.